ರೀಲ್ಸ್ ನಂಬಿ ‘ಫಿಸಿಕಲ್’ಗೆ ಇಳಿದರೆ...

ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಎಸ್‌ಎಸ್‌ಸಿ ಜಿಡಿಗಾದರೆ 24 ನಿಮಿಷದಲ್ಲಿ 5 ಕಿ.ಮೀ. ನಮ್ಮಲ್ಲಿ ಹೆಚ್ಚಿನವರು ಶೂ ಹುಡುಕುವುದೇ ಲಿಖಿತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ. ಉಳಿಯುವುದು ಕೆಲವೇ ವಾರ. ‘15 ದಿನದಲ್ಲಿ 1600 ಪಕ್ಕಾ’ ಎನ್ನುವ ರೀಲ್ಸ್‌ಗೆ ಗಿರಾಕಿ ಸಿಗುವುದು ಆಗಲೇ.

ನಾನೂ ಹಾಗೆ ಸಿಕ್ಕವನೇ. ದಿನವೂ ಪೂರ್ತಿ ವೇಗದಲ್ಲಿ ಓಡು, ನೋವು ಬಂದರೆ ಲೆಕ್ಕಿಸಬೇಡ ಎಂದ ವಿಡಿಯೊ ನಂಬಿ ಓಡಿದೆ. ಮೂರನೇ ವಾರಕ್ಕೆ ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ನೋವು, ಮೆಟ್ಟಿಲು ಇಳಿಯಲೂ ಆಗದಂತೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಮೂಳೆಗೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ನಾವು ವೇಗ ಹೆಚ್ಚಿಸುತ್ತೇವೆ, ಕಾಲು ಇನ್ನೂ ಹಳೆಯದೇ. ಈ ಅಂತರದಲ್ಲೇ ಗಾಯವಾಗುವುದು. 60 ಸೆಕೆಂಡಿನ ವಿಡಿಯೊದಲ್ಲಿ ಇದನ್ನು ಹೇಳಿದರೆ ಯಾರು ಲೈಕ್ ಒತ್ತುತ್ತಾರೆ?

ಮ್ಯಾರಥಾನ್‌ನಲ್ಲಿ ವಿಶ್ವದಾಖಲೆ ಬರೆದಿದ್ದ ಕೆನ್ಯಾದ ಎಲಿಯುಡ್ ಕಿಪ್‌ಚೋಗೆ ಕೂಡ ಅಭ್ಯಾಸದ ಬಹುಪಾಲನ್ನು ನಿಧಾನವಾಗಿಯೇ ಓಡುತ್ತಾರೆ. ಪಕ್ಕದವನ ಜತೆ ಮಾತಾಡಿಕೊಂಡು ಓಡುವಷ್ಟು ನಿಧಾನ. ವೇಗದ ಓಟ ವಾರಕ್ಕೆ ಒಂದೋ ಎರಡೋ ದಿನ. 1600ಕ್ಕೂ ಲೆಕ್ಕ ಇದೇ: 400 ಮೀಟರ್ ಟ್ರ್ಯಾಕಿನ ನಾಲ್ಕು ಸುತ್ತಿಗೆ ತಲಾ 97 ಸೆಕೆಂಡು. ಮೊದಲ ಸುತ್ತನ್ನೇ 75 ಸೆಕೆಂಡಿಗೆ ಓಡಿದವನು ಸಾಮಾನ್ಯವಾಗಿ ಮೂರನೆಯದರಲ್ಲಿ ಸೊಂಟ ಹಿಡಿದು ನಿಲ್ಲುತ್ತಾನೆ.

ಅವಸರದ ಬೆಲೆ ಎಷ್ಟೆಂದು 2024ರಲ್ಲಿ ಜಾರ್ಖಂಡ್‌ನಲ್ಲಿ ಕಂಡಿತು. ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ ಪುರುಷರು ಒಂದು ಗಂಟೆಯಲ್ಲಿ 10 ಕಿ.ಮೀ. ಓಡಬೇಕಿತ್ತು. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಬಿಸಿಲೇ, ವ್ಯವಸ್ಥೆಯ ಲೋಪವೇ, ಉತ್ತೇಜಕ ಮದ್ದೇ ಎಂದು ವಾದ ನಡೆಯಿತು, ಪರೀಕ್ಷೆಯನ್ನು ಕೆಲವು ದಿನ ನಿಲ್ಲಿಸಿದರು. ಕಿ.ಮೀ.ಗೆ 6 ನಿಮಿಷ ಎಂಬುದು ತಿಂಗಳುಗಟ್ಟಲೆ ಓಡಿದವರಿಗೆ ದೊಡ್ಡ ವೇಗವಲ್ಲ. ಅಭ್ಯಾಸವಿಲ್ಲದ ದೇಹಕ್ಕೆ ಸೆಕೆಯಲ್ಲಿ ಅದು ಬೇರೆಯೇ ಪರೀಕ್ಷೆ.

ಆರೋಗ್ಯ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಅರ್ಹತೆ ತಿಳಿಸಬೇಕು, ಇಲ್ಲವೇ ತಾವು ವೈದ್ಯರಿಗೆ ಬದಲಿಯಲ್ಲ ಎನ್ನಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ನನ್ನ ಫೀಡಿನಲ್ಲಂತೂ ಅದನ್ನು ಪಾಲಿಸಿದವರು ಕಡಿಮೆ. ಹಾಗೆಂದು ಎಲ್ಲರನ್ನೂ ಬೈಯಲಾರೆ. ಹಳ್ಳಿಯ ಹುಡುಗನಿಗೆ ಟ್ರ್ಯಾಕೂ ಇಲ್ಲ, ಕೋಚೂ ಇಲ್ಲ. ಮೊಬೈಲೇ ಅವನ ಮೇಷ್ಟ್ರು. ನಿಯತ್ತಾಗಿ ಹೇಳಿಕೊಡುವ ಮಾಜಿ ಸೈನಿಕರೂ ಅಲ್ಲಿದ್ದಾರೆ, ಅವರ ವೀಕ್ಷಕರು ಮಾತ್ರ ಬೆರಳೆಣಿಕೆ.

ನೇಮಕಾತಿ ಮಂಡಳಿಗಳು ಅರ್ಜಿ ಕರೆಯುವಾಗಲೇ ದೈಹಿಕ ಪರೀಕ್ಷೆಯ ತಿಂಗಳನ್ನೂ ಹೇಳಿಬಿಟ್ಟರೆ 15 ದಿನದ ಅಂಗಡಿಗಳು ಅರ್ಧ ಮುಚ್ಚುತ್ತವೆ. ಸದ್ಯ ನಾನು ವಾರಕ್ಕೆ ನಾಲ್ಕು ದಿನ ಓಡುತ್ತೇನೆ, ಮೂರು ದಿನ ನಿಧಾನವಾಗಿ. ಮೈದಾನದಲ್ಲಿ ವಾಕಿಂಗ್ ಬರುವ ಅಜ್ಜ ಒಬ್ಬರು ‘ಏನಪ್ಪಾ, ಇವತ್ತೂ ಆಮೆ ನಡಿಗೆನಾ?’ ಅಂತ ಕೇಳುತ್ತಾರೆ.