ಹತ್ತು ತಲೆಯಲ್ಲಿ ಯಾವ ಮುಖ?

ಮನೆಯಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಓದೋ ಮಕ್ಕಳಿದ್ದರೆ ಒಂದು ಕೆಲಸ ಮಾಡಿ ನೋಡಿ. ಅವರ ಪುಸ್ತಕ ಒಂದನ್ನ ತೆಗೆದುಕೊಂಡು, ಒಂದಕ್ಷರವೂ ಓದದೆ ಬರೀ ಚಿತ್ರ ನೋಡ್ತಾ ಹೋಗಿ. ಕೆಟ್ಟವನು ಯಾರು ಅಂತ ಎರಡು ಪುಟ ತಿರುಗಿಸೋ ಹೊತ್ತಿಗೆ ಹೇಳಿಬಿಡ್ತೀರಿ. ಅವನು ಏನು ಮಾಡಿದ ಅನ್ನೋದು ಬೇಕಾಗೋದೇ ಇಲ್ಲ, ಮುಖ ನೋಡಿದರೆ ಸಾಕು. ಆ ಮುಖ ಸುಟ್ಟಿರುತ್ತೆ, ಇಲ್ಲಾ ಹಸಿರಾಗಿರುತ್ತೆ, ಇಲ್ಲಾ ಮುಖದ ಜಾಗದಲ್ಲಿ ಬುರುಡೆ ಇರುತ್ತೆ. ಹೀರೋ ಮುಖ ಮಾತ್ರ ಸೋಪಿನ ಜಾಹೀರಾತಿನವರ ಹಾಗೆ ನುಣ್ಣಗೆ. ಮೂರು ಗಂಟೆ ಹೊಡೆದಾಡಿ ಬಂದರೂ ಕ್ರಾಪು ಕೆದರಿರಲ್ಲ!

ಅಡುಗೆ, ಮನೆಮಾತು ಬರೆಯೋ ಈಕೆಗೆ ಇದ್ದಕ್ಕಿದ್ದಂತೆ ಕಾಮಿಕ್ಸ್ ಹುಚ್ಚು ಯಾಕೆ ಹಿಡೀತು ಅಂದುಕೋಬೇಡಿ. ಹೊಳೆನರಸೀಪುರದ ನಮ್ಮ ಮನೆ ಜಗುಲಿ ರಜಾ ಬಂತೆಂದರೆ ಬೀದಿ ಮಕ್ಕಳ ಲೈಬ್ರರಿ ಆಗುತ್ತೆ. ಬೆಂಗಳೂರಿಂದ ಬರೋ ನನ್ನ ತಮ್ಮನ ಮಗ ಒಂದು ಬ್ಯಾಗು ತುಂಬ ಇಂಗ್ಲಿಷ್ ಕಾಮಿಕ್ಸ್ ತರ್ತಾನೆ. ಇಂಗ್ಲಿಷ್ ಓದೋಕೆ ಬಾರದ ಮಕ್ಕಳೂ ಚಿತ್ರ ನೋಡಿಕೊಂಡೇ ಕಥೆ ಕಟ್ಟಿಬಿಡ್ತಾರೆ. ಹೋದ ಬೇಸಿಗೆಯಲ್ಲಿ ಅಲ್ಲೇ ಒಂದು ಆಟ ಶುರುವಾಯ್ತು. ಒಬ್ಬ ಬ್ಯಾಟ್‌ಮ್ಯಾನು, ಒಬ್ಬ ರಾಬಿನ್ನು, ಒಬ್ಬ ಜೋಕರ್ರು. ಎದುರುಮನೆ ಹುಡುಗಿ ಬಂದು ನಾನೂ ಸೇರ್ಕೋತೀನಿ ಅಂದಳು. ಒಂದು ವರ್ಷದ ಕೂಸಾಗಿದ್ದಾಗ ಕುದಿಯೋ ಸಾರು ಮೈಮೇಲೆ ಚೆಲ್ಲಿ, ಅವಳ ಎಡಗೆನ್ನೆಯಿಂದ ಕತ್ತಿನ ತನಕ ಚರ್ಮ ಮುದುಡಿಕೊಂಡಿದೆ. ಈಗ ಹತ್ತು ವರ್ಷ. ಹುಡುಗರಲ್ಲಿ ಒಬ್ಬ ಎರಡನೇ ಯೋಚನೆಯೇ ಇಲ್ಲದೆ, "ನೀನು ಟೂ-ಫೇಸ್ ಆಗು, ನಿಂಗೆ ಮೇಕಪ್ಪೇ ಬೇಡ" ಅಂದ.

ಅವನು ಕೆಟ್ಟ ಹುಡುಗ ಅಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ಪುಸ್ತಕದಲ್ಲಿ ನೋಡಿದ್ದನ್ನ ಹೇಳಿದ, ಅಷ್ಟೆ. ಆ ಪುಸ್ತಕ ಹೇಳಿಕೊಟ್ಟಿದ್ದು ಏನು ಅಂತ ನೋಡೋಣ ಅಂತ ನಾನೂ ಕನ್ನಡಕ ಹಾಕಿಕೊಂಡು ಕೂತೆ.

ಟೂ-ಫೇಸ್ 1942ರಲ್ಲಿ ಬ್ಯಾಟ್‌ಮ್ಯಾನ್ ಕಥೆಗಳಿಗೆ ಬಂದವನು. ಹೆಸರು ಹಾರ್ವೆ ಡೆಂಟ್, ಸರ್ಕಾರಿ ವಕೀಲ, ನೋಡೋಕೂ ಚೆನ್ನಾಗಿದ್ದವನು. ಕೋರ್ಟಿನಲ್ಲೇ ಒಬ್ಬ ರೌಡಿ ಅವನ ಮುಖಕ್ಕೆ ಆ್ಯಸಿಡ್ ಎರಚ್ತಾನೆ. ಅರ್ಧ ಮುಖ ಸುಟ್ಟುಹೋಗುತ್ತೆ. ಆಮೇಲೆ ಆ ವಕೀಲನೇ ಕಳ್ಳನಾಗ್ತಾನೆ. ಅದಕ್ಕೂ ಒಂದು ವರ್ಷ ಮುಂಚೆ ಕ್ಯಾಪ್ಟನ್ ಅಮೆರಿಕಾ ಕಥೆಯ ರೆಡ್ ಸ್ಕಲ್ ಬಂದಿದ್ದ, ಅವನದು ಕೆಂಪು ಬುರುಡೆ ಮುಖ. 1962ರ ಡಾಕ್ಟರ್ ಡೂಮ್ ಗಾಯದ ಮುಖ ಮುಚ್ಚಿಕೊಳ್ಳೋಕೆ ಕಬ್ಬಿಣದ ಮುಖವಾಡ ಹಾಕಿಕೊಂಡವನು. ನನಗೆ ಬಹಳ ಸಂಕಟ ಆಗಿದ್ದು 1963ರ ಲಿಜರ್ಡ್ ಕಥೆ ಓದಿ. ಸ್ಪೈಡರ್‌ಮ್ಯಾನ್ ಪುಸ್ತಕದಲ್ಲಿ ಬರ್ತಾನೆ. ಕರ್ಟ್ ಕಾನರ್ಸ್ ಅಂತ ಡಾಕ್ಟರು, ಒಂದು ಕೈ ಕಳೆದುಕೊಂಡವನು. ಬಾಲ ಕಡಿದರೆ ಹಲ್ಲಿಗೆ ಮತ್ತೆ ಬೆಳೆಯುತ್ತಲ್ಲ, ಹಾಗೆ ತನ್ನ ಕೈಯೂ ಬೆಳೀಲಿ ಅಂತ ಔಷಧಿ ಮಾಡಿ ಕುಡೀತಾನೆ. ಕೈ ಬರುತ್ತೆ, ಜೊತೆಗೆ ಇಡೀ ಮೈ ಹಲ್ಲಿಯಾಗುತ್ತೆ. ಹೆಂಡತಿ ಮಗು ಇದ್ದ ಮನುಷ್ಯ, ಕೈ ಬೇಕು ಅಂತ ಆಸೆಪಟ್ಟಿದ್ದಷ್ಟೇ ಅವನ ಅಪರಾಧ.

ಸುಟ್ಟ ಮುಖ, ಕಳೆದುಹೋದ ಕೈ. ಇವೆಲ್ಲ ಯಾರಿಗೋ ಆದ ನೋವು. ಕಾಮಿಕ್ಸ್ ಇದನ್ನೇ ಕೆಟ್ಟತನದ ಗುರುತು ಮಾಡಿಕೊಂಡುಬಿಟ್ಟಿದೆ.

ಬರೆಯೋರ ಕಷ್ಟವೂ ಇತ್ತು ಅನ್ನಿ. ಅಗ್ಗದ ಕಾಗದ, ನಾಲ್ಕು ಬಣ್ಣ, ಬೆಂಕಿಪೊಟ್ಟಣದಷ್ಟು ಚೌಕ. ಅಷ್ಟರಲ್ಲಿ ಯಾರು ಯಾರು ಅಂತ ಮಗುವಿಗೆ ತಟ್ಟನೆ ಗೊತ್ತಾಗಬೇಕು. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಆ ಬೂದು ಪುಟಪುಟಕ್ಕೂ ಬೇರೆಬೇರೆಯಾಗಿ ಅಚ್ಚಾಯ್ತು ಅಂತ ಮುಂದಿನ ಸಂಚಿಕೆಗೆ ಹಸಿರು ಬಳಿದರು. ಪ್ರೆಸ್ಸಿನ ತಾಪತ್ರಯಕ್ಕೆ ಹುಟ್ಟಿದ ಹಸಿರು ಅದು! ಗುರುತು ಸುಲಭವಾಗಲಿ ಅನ್ನೋದು ಸರಿ. ಆದರೆ ಸುಲಭದ ಗುರುತಿಗೆ ಗಾಯವೇ ಬೇಕಿತ್ತಾ?

ನಮ್ಮ ಕಡೆಯ ಕಲ್ಲು ಕೆತ್ತಿದವರಿಗೂ ಜಾಗ ಚಿಕ್ಕದೇ ಇತ್ತು. ಹಳೇಬೀಡಿನ ಗೋಡೆ ಒಂದು ಥರದಲ್ಲಿ ಕಾಮಿಕ್ಸೇ ಅಲ್ಲವಾ? ಪಟ್ಟಿ ಪಟ್ಟಿಯಾಗಿ ರಾಮಾಯಣ, ಮಹಾಭಾರತ, ಸುತ್ತು ಹಾಕ್ತಾ ಓದಬೇಕು. ಅಲ್ಲಿ ನರಸಿಂಹ ಹಿರಣ್ಯಕಶಿಪುವನ್ನ ತೊಡೆ ಮೇಲೆ ಕೆಡವಿಕೊಂಡು ಕರುಳು ಬಗೀತಿರೋ ಶಿಲ್ಪ ಇದೆ. ಆ ಕಥೆ ಕೇಳದೇ ಇದ್ದವರಿಗೆ, ಬೇರೆ ದೇಶದವರಿಗೆ ತೋರಿಸಿ, ಇದರಲ್ಲಿ ರಾಕ್ಷಸ ಯಾರು ಅಂತ ಕೇಳಿ. ಬೆರಳು ನರಸಿಂಹನ ಕಡೆಗೇ ಹೋಗುತ್ತೆ. ಸಿಂಹದ ತಲೆ, ಬಿಟ್ಟ ಕಣ್ಣು, ಲೆಕ್ಕಕ್ಕೆ ಮೀರಿದ ಕೈ, ಕರುಳಿನ ಮಾಲೆ. ಕೆಳಗೆ ಬಿದ್ದಿರೋನು ಮನುಷ್ಯರ ಹಾಗೇ ಇದಾನೆ. ಒಬ್ಬ ರಾಜ, ಒಬ್ಬ ತಂದೆ. ಮಗನನ್ನ ಬೆಟ್ಟದಿಂದ ತಳ್ಳಿಸಿದ, ಬೆಂಕಿಗೆ ಹಾಕಿಸಿದ ತಂದೆ. ಮುಖದಲ್ಲಿ ಅದರ ಗುರುತು ಒಂದೂ ಇಲ್ಲ. ನಮ್ಮ ಊರಿನ ಹೆಸರೇ ಆ ಸಿಂಹದ ತಲೆಯ ದೇವರದು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ದೇವಸ್ಥಾನವೂ ಲಕ್ಷ್ಮೀನರಸಿಂಹನದೇ. ಹೆದರಿಕೆ ಹುಟ್ಟಿಸೋ ಮುಖಕ್ಕೆ ನಾವು ತಲತಲಾಂತರದಿಂದ ಹೂವು ಏರಿಸ್ತಾ ಬಂದಿದೀವಿ.

ಹಾಸನದಿಂದ ಬೇಲೂರಿಗೆ ಹೋಗೋ ದಾರಿಯಲ್ಲಿ ಸಿಗೋ ದೊಡ್ಡಗದ್ದವಳ್ಳಿ ನೋಡಿದೀರಾ? ಹನ್ನೆರಡನೇ ಶತಮಾನದ ಲಕ್ಷ್ಮೀ ದೇವಸ್ಥಾನ, ಕೆರೆ ದಂಡೆ ಮೇಲೆ. ಒಳಗೆ ಕಾಳಿ ಗುಡಿಯ ಬಾಗಿಲಲ್ಲಿ ಆಳೆತ್ತರದ ಎರಡು ಬೇತಾಳಗಳು ನಿಂತಿವೆ. ಎಲುಬು ಎಣಿಸಬಹುದು, ಹಲ್ಲು ಕಿಸಿದಿವೆ. ಮಬ್ಬುಗತ್ತಲಲ್ಲಿ ಥಟ್ಟನೆ ಕಂಡರೆ ದೊಡ್ಡವರಿಗೂ ಎದೆ ಧಸಕ್ ಅನ್ನುತ್ತೆ. ಅವಕ್ಕೆ ಕೊಟ್ಟಿರೋ ಕೆಲಸ ಏನು? ಬಾಗಿಲು ಕಾಯೋದು. ಚಂದಮಾಮದಲ್ಲಿ ವಿಕ್ರಮನ ಹೆಗಲೇರಿದ ಬೇತಾಳನೂ ಯಾರನ್ನೂ ತಿನ್ನಲಿಲ್ಲ, ಪ್ರಶ್ನೆ ಕೇಳ್ತಾ ಕೂತ. ಇನ್ನೊಂದು ತಮಾಷೆ ನೋಡಿ. ಲೀ ಫಾಕ್ ಅನ್ನೋರು 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಇದಾನಲ್ಲ, ಇಂದ್ರಜಾಲ ಕಾಮಿಕ್ಸ್‌ನವರು ಅವನನ್ನ ಹಿಂದಿಗೆ ತರುವಾಗ ಇಟ್ಟ ಹೆಸರು ವೇತಾಳ. ಹೀರೋಗೆ!

ಹಾಗಂತ ನಾವೇ ದೊಡ್ಡ ಸಾಚಾಗಳು ಅಂತ ಬೀಗೋ ಹಾಗಿಲ್ಲ. ಶೂರ್ಪನಖಿ ನಮ್ಮವಳೇ ತಾನೆ? ಹೀರೋನ ತಮ್ಮನೇ ಮೂಗು ಕೊಯ್ದ ಹೆಂಗಸು. ನಾಟಕದಲ್ಲಿ ಆ ಸೀನು ಬಂದರೆ ಇವತ್ತಿಗೂ ಜನ ನಗ್ತಾರೆ. ಮೂಗಿಲ್ಲದ ಮುಖ ಮುಚ್ಚಿಕೊಂಡು ಅವಳು ಓಡೋದು ಕಾಮಿಡಿ. ನಾನೂ ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದೀನಿ, ಒಬ್ಬರಾದರೂ ಅಯ್ಯೋ ಅಂದಿದ್ದು ಕೇಳಿಲ್ಲ. ಅದೇ ಕಥೆಯಲ್ಲಿ ನಿಜವಾದ ಅಪಾಯ ಬಂದಿದ್ದು ಹೇಗೆ? ಮೊದಲು ಚಿನ್ನದ ಜಿಂಕೆಯಾಗಿ, ಆಮೇಲೆ ಕಾವಿ ಉಟ್ಟ ಸನ್ಯಾಸಿಯಾಗಿ. ಎರಡೂ ಕಣ್ಣಿಗೆ ಹಬ್ಬ.

ಆ್ಯಸಿಡ್ ವಿಷಯಕ್ಕೆ ಬರ್ತೀನಿ. ಟೂ-ಫೇಸ್ ಕಥೆಯಲ್ಲಿ ಆ್ಯಸಿಡ್ ಎರಚಿದ ರೌಡಿಯ ಹೆಸರು ಎಷ್ಟು ಜನಕ್ಕೆ ನೆನಪಿದೆ? ಎರಚಿಸಿಕೊಂಡವನೇ ವಿಲನ್ ಅಂತ ಎಂಬತ್ತು ವರ್ಷದಿಂದ ಪ್ರಸಿದ್ಧ. ನಮ್ಮ ದೇಶದಲ್ಲಿ ಆ್ಯಸಿಡ್ ಅನ್ನೋದು ಕಾಮಿಕ್ಸಿನ ಮಾತಲ್ಲ. ಅದನ್ನ ಕಂಡಕಂಡವರಿಗೆ ಮಾರೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂತು, 2013ರಲ್ಲಿ. ಕೊಳ್ಳೋರು ಗುರುತಿನ ಚೀಟಿ ತೋರಿಸಬೇಕು, ಹದಿನೆಂಟು ತುಂಬಿರಬೇಕು. ಅದೇ ವರ್ಷ ಎರಚಿದವರಿಗೆ ಕನಿಷ್ಠ ಹತ್ತು ವರ್ಷ ಜೈಲು ಅಂತ ಕಾನೂನೂ ಬಂತು. ಬದುಕಿ ಉಳಿದ ಹೆಣ್ಣುಮಕ್ಕಳು ಮನೆ ಬಾಡಿಗೆಗೆ, ಕೆಲಸಕ್ಕೆ ಅಲೆಯೋವಾಗ ಎದುರಿಗಿರೋರ ಕಣ್ಣಲ್ಲಿ ಕಾಣೋದು ಏನು? ನಮ್ಮ ಜಗುಲಿಯ ಹುಡುಗ ಕಂಡಿದ್ದೇ.

ಎಲ್ಲೆಲ್ಲೋ ಇದು ಬದಲಾಗ್ತಿದೆ ಅನ್ನೋದು ನನಗೆ ಸಮಾಧಾನ. 2018ರಲ್ಲಿ ಬ್ರಿಟನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಖದ ಗಾಯವನ್ನ ವಿಲನ್ನಿನ ಗುರುತಾಗಿ ತೋರಿಸೋ ಸಿನಿಮಾಗಳಿಗೆ ದುಡ್ಡು ಕೊಡಲ್ಲ ಅಂತ ಹೇಳ್ತು. ನಮ್ಮಲ್ಲೇ 2016ರಲ್ಲಿ ಪ್ರಿಯಾಸ್ ಮಿರರ್ ಅನ್ನೋ ಕಾಮಿಕ್ಸ್ ಬಂತು. ಅದರಲ್ಲಿ ಆ್ಯಸಿಡ್ ದಾಳಿಗೆ ಸಿಕ್ಕಿ ಬದುಕಿದ ಹೆಣ್ಣುಮಕ್ಕಳು ಹೀರೋಗಳ ಸಾಲಲ್ಲಿ ಇದಾರೆ, ರಾಕ್ಷಸನ ಹೆಸರು ಅಹಂಕಾರ್. ಹಳೇ ಅಮೆರಿಕನ್ ಪುಸ್ತಕಗಳಲ್ಲೂ ಎಲ್ಲಾ ಒಂದೇ ಥರ ಇರಲಿಲ್ಲ ಅನ್ನಿ. 1961ರ ಫೆಂಟಾಸ್ಟಿಕ್ ಫೋರ್ ಕಥೆಯ ಬೆನ್ ಗ್ರಿಮ್ ಮೈಯೆಲ್ಲ ಜಲ್ಲಿಕಲ್ಲಿನ ಹಾಗಾಗಿಬಿಟ್ಟವನು. ಅವನನ್ನ ಜನ ಕರೆಯೋದೇ 'ವಸ್ತು' ಅಂತ. ಆದರೂ ಅವನು ಒಳ್ಳೆಯವರ ಗುಂಪಲ್ಲೇ ಇದಾನೆ. ಅವನನ್ನ ಮೆಚ್ಚೋಳು ಕಣ್ಣು ಕಾಣದ ಒಬ್ಬ ಶಿಲ್ಪಿ. ಇದು ಸ್ವಲ್ಪ ಸುಲಭದ ಉಪಾಯ ಅನ್ನಿಸ್ತು ನನಗೆ. ಕಣ್ಣಿದ್ದೋಳು ಮೆಚ್ಚಬಾರದಿತ್ತಾ?

ಇಷ್ಟೆಲ್ಲ ಓದಿದ ಮೇಲೂ ನಾನು ಮಕ್ಕಳಿಂದ ಪುಸ್ತಕ ಕಿತ್ತುಕೊಳ್ಳಲಿಲ್ಲ. ವಿಲನ್ನುಗಳೇ ಇಲ್ಲದಿದ್ದರೆ ಓದೋರು ಯಾರು? 1954ರಲ್ಲಿ ಅಮೆರಿಕದಲ್ಲಿ ದೆವ್ವ, ರಕ್ತಪಿಶಾಚಿ ಯಾವುದೂ ಕಾಮಿಕ್ಸ್‌ನಲ್ಲಿ ಬರಕೂಡದು ಅಂತ ಪ್ರಕಾಶಕರೇ ಕಟ್ಟು ಹಾಕಿಕೊಂಡರು. 1971ರಲ್ಲಿ ತಾವೇ ಸಡಿಲಿಸಿದರು. ಮಕ್ಕಳಿಗೆ ಹೆದರಿಕೆ ಬೇಕು. ಸಂಜೆ ಹೊತ್ತು ಜಗುಲಿ ಮೇಲೆ ಪುರಿ-ಕಡ್ಲೆ ತಿನ್ನೋವಾಗ ನಾನು ಒಂದೇ ಪ್ರಶ್ನೆ ಕೇಳ್ತಿದ್ದೆ. "ಇವನ ಮುಖಕ್ಕೆ ಬಟ್ಟೆ ಮುಚ್ಚಿಬಿಡಿ. ಈಗ ಹೇಳಿ, ಇವನು ಮಾಡಿದ ಕೆಟ್ಟ ಕೆಲಸ ಏನು?" ಒಂದೆರಡು ಕಥೆಯಲ್ಲಿ ಹುಡುಗರು ತಲೆ ಕೆರ್ಕೊಂಡರು.

ಮಳೆಗಾಲ ಮುಗಿದು ಸ್ಕೂಲ್ ಡೇ ತಯಾರಿ ಶುರುವಾಯ್ತು. ಒಂದು ಸಂಜೆ ಎದುರುಮನೆಯವಳು ಕಣ್ಣು ಒರೆಸಿಕೊಂಡು ಬಂದಳು. "ಅಕ್ಕ, ಪಂಚವಟಿ ನಾಟಕ ಅಂತೆ. ಇವಳನ್ನ ಕೇಳ್ದೆ ಕೇಳ್ದೆ ಶೂರ್ಪನಖಿ ಪಾರ್ಟು ಕೊಟ್ಟವ್ರೆ. ನಾನು ಕಳಿಸಲ್ಲ ಬಿಡಿ." ಯಾವ ಸ್ಕೂಲು ಅಂತ ಬರೆಯಲ್ಲ, ಬರೆದು ಪ್ರಯೋಜನವೂ ಇಲ್ಲ. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ನಿಂಗೆ ಯಾವ ಪಾರ್ಟು ಇಷ್ಟಾನೇ ಪುಟ್ಟಿ?" ಅಂದೆ. ಸೀತೆ ಅಂತಾಳೆ ಅಂದುಕೊಂಡಿದ್ದೆ.

"ರಾವಣ, ದೊಡ್ಡಮ್ಮ."

ಅವರಮ್ಮ "ಅಯ್ಯೋ, ಅದೂ ರಾಕ್ಷಸನೇ ಅಲ್ವೇನೇ!" ಅಂದಳು.

"ಅವನಿಗೆ ಹತ್ತು ಮುಖ ಇರುತ್ತಲ್ಲಮ್ಮ. ಯಾವ್ದನ್ನ ನೋಡ್ಬೇಕು ಅಂತ ಅವ್ರಿಗೇ ಗೊತ್ತಾಗಲ್ಲ."

ನಮ್ಮ ಸೀಮೆಯ ಮಗಳು ಅಂದರೆ ಇವಳು ಅಂದುಕೊಂಡೆ. ಅರಕಲಗೂಡು ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಯೋವಾಗ ನೋಡಬೇಕು. ಪಾರ್ಟಿಗೆ ದುಡ್ಡು ಕೊಡೋದು ಆಡೋರೇ. ದುರ್ಯೋಧನನ ಪಾರ್ಟಿಗೆ ಪೈಪೋಟಿ, ಕೃಷ್ಣನಷ್ಟೇ ಬೆಲೆ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಗಂಟಲು ಹರ್ಕೊಂಡು, ಒಂದು ರಾತ್ರಿ ಗದೆ ಹೊತ್ತು ಸ್ಟೇಜಿಗೆ ಬಂದರೆ ನೆಂಟರಿಷ್ಟರೆಲ್ಲ ಹಾರ ಹಾಕ್ತಾರೆ. ಆಮೇಲೆ ವರ್ಷಗಟ್ಟಲೆ ಊರವರು ಅವನನ್ನ ದುರ್ಯೋಧನ ಅಂತಲೇ ಕರೀತಾರೆ, ಅವನೂ ಮೀಸೆ ಮೇಲೆ ಕೈ ಇಟ್ಟು ಓ ಅಂತಾನೆ. ಯಾರ ಮುಖ ನೋಡಿಯೂ ಆ ಪಾರ್ಟು ಕೊಡಲ್ಲ, ಬೇಕು ಅಂದವನಿಗೆ ಕೊಡ್ತಾರೆ. ವ್ಯತ್ಯಾಸ ಇರೋದು ಅಷ್ಟರಲ್ಲೇ.

ಹುಡುಗಿಗೆ ನಾನು ಇನ್ನೊಂದು ಕಥೆ ಹೇಳಿದೆ. ಶ್ರವಣಬೆಳಗೊಳ ಇರೋದು ಇಲ್ಲೇ ಪಕ್ಕದ ತಾಲ್ಲೂಕಲ್ಲಿ. ಆ ಜೈನರ ರಾಮಾಯಣದಲ್ಲಿ ರಾವಣನಿಗೆ ಇರೋದು ಒಂದೇ ತಲೆ. ಕೂಸಾಗಿದ್ದಾಗ ಒಂಬತ್ತು ರತ್ನದ ಹಾರ ಕೈಗೆ ಸಿಕ್ತಂತೆ. ಒಂದೊಂದು ರತ್ನದಲ್ಲೂ ಅವನ ಮುಖ ಕಂಡು, ನೋಡಿದವರಿಗೆ ಹತ್ತು ಮುಖ ಅನ್ನಿಸ್ತಂತೆ. ಕನ್ನಡದಲ್ಲಿ ನಾಗಚಂದ್ರ ಬರೆದ ರಾವಣನಂತೂ ರಾಕ್ಷಸನೇ ಅಲ್ಲ, ಒಂದು ತಪ್ಪಿಗೆ ಸಿಕ್ಕಿ ಒದ್ದಾಡೋ ದೊಡ್ಡ ಮನುಷ್ಯ. ಅವಳು ಪೂರ್ತಿ ಕೇಳಿ, "ಹಾರ ಚೆನ್ನಾಗಿದೆ ದೊಡ್ಡಮ್ಮ, ಆದ್ರೆ ನಂಗೆ ತಲೆನೇ ಬೇಕು" ಅಂದಳು.

ಮಾರನೇ ದಿನ ಅವರಮ್ಮನ ಜೊತೆ ನಾನೂ ಹೋಗಿ ಮಿಸ್ ಹತ್ತಿರ ಮಾತಾಡಿ ಬಂದೆ. ಮೊದಲು ಪಂಚವಟೀಲಿ ರಾವಣ ಬರೋದು ಸನ್ಯಾಸಿ ವೇಷದಲ್ಲಿ, ಹತ್ತು ತಲೆ ಎಲ್ಲಿಂದ ತರೋದು ಅಂದರು. ಕಡೆಗೆ ಕಾವಿ ಬಿಸಾಕಿ ನಿಜರೂಪ ತೋರಿಸೋ ಒಂದು ಸೀನು ಸೇರಿಸೋಕೆ ಒಪ್ಪಿದರು. ಶೂರ್ಪನಖಿ ಪಾರ್ಟು ಯಾರಿಗೆ ಹೋಯ್ತೋ, ಆ ಮಗು ಏನು ಅಂದುಕೊಂಡಿತೋ, ಅದು ನನ್ನ ತಲೇಲಿ ಇನ್ನೂ ಕೊರೀತಾ ಇದೆ.

ಒಂಬತ್ತು ತಲೆ ಮಾಡೋಕೆ ಫ್ರಿಡ್ಜ್ ಬಂದಿದ್ದ ರಟ್ಟಿನ ಡಬ್ಬ, ಮೈದಾ ಅಂಟು, ಹಳೇ ಜರತಾರಿ ಸೀರೆಯ ಅಂಚು. ಕೂತು ಕತ್ತರಿಸಿದವನು ಯಾರು ಅಂದುಕೊಂಡಿರಿ? ದಸರಾ ರಜಕ್ಕೆ ಬಂದಿದ್ದ ನನ್ನ ತಮ್ಮನ ಮಗ, ಅವನ ಜೊತೆಗೆ ಆ ಟೂ-ಫೇಸ್ ಅಂದ ಹುಡುಗ. ಬಲಕ್ಕೆ ಐದು, ಎಡಕ್ಕೆ ನಾಲ್ಕು. ಕಟ್ಟಿಕೊಂಡು ನಿಂತರೆ ಬಲಗಡೆ ವಾಲ್ತಿತ್ತು. ಎಡಗಡೆ ತುದೀಲಿ ಒಂದು ಬೀಗದ ಕೈ ಗೊಂಚಲು ಕಟ್ಟಿ ತೂಕ ಸರಿ ಮಾಡಿದೆವು. ಮೀಸೆ ಬರೆಯೋವಾಗ ಆ ಹುಡುಗ "ಎಲ್ಲಾ ಮುಖಾನೂ ಕೋಪದಲ್ಲಿರ್ಬೇಕಾ?" ಅಂದ. ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಕೊನೇದು ನಗ್ಲಿ. ಅದು ಪಾಪ, ಯುದ್ಧಕ್ಕೆ ಬಂದಿರೋದೇ ಅದಕ್ಕೆ ಗೊತ್ತಿಲ್ಲ" ಅಂದಳು.