ಇನ್ನೊಂದು ಸ್ಪೀಕರ್ ಬಾಕ್ಸ್ ಸೇರಿಸಿದರೆ ಗಿಟಾರ್ ಆಂಪ್ ಸುಟ್ಟುಹೋಗುತ್ತದೆಯೇ?

ಬಾಕ್ಸ್ ಹೆಚ್ಚಿದಷ್ಟೂ ಸೌಂಡ್ ಹೆಚ್ಚು ಎಂಬ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಅರ್ಧ ಸತ್ಯ ಮಾತ್ರ.

8 ಓಮ್‌ನ ಎರಡು ಬಾಕ್ಸ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಸೀರೀಸ್‌ನಲ್ಲಿ ಜೋಡಿಸಿದರೆ 16 ಓಮ್. ಓಮ್ ಇಳಿದಂತೆ ಆಂಪ್‌ನಿಂದ ಹರಿಯುವ ಕರೆಂಟ್ ಏರುತ್ತದೆ. ಟ್ರಾನ್ಸಿಸ್ಟರ್ ಆಂಪ್‌ನ ಹಿಂಬದಿಯಲ್ಲಿ 'ಕನಿಷ್ಠ 8 ಓಮ್' ಎಂದಿದ್ದರೆ, 4 ಓಮ್ ಜೋಡಿಸಿದಾಗ ಅದು ಅತಿಯಾಗಿ ಬಿಸಿಯಾಗಿ ಸುಟ್ಟುಹೋಗಬಹುದು. 16 ಓಮ್ ಆದರೆ ಅಪಾಯವಿಲ್ಲ. ಸಿಗುವ ಪವರ್ ಮಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ವಾಲ್ವ್ ಆಂಪ್‌ನ ಲೆಕ್ಕವೇ ಬೇರೆ. ಅಲ್ಲಿ ಬಾಕ್ಸ್‌ನ ಓಮ್‌ಗೆ ಸರಿಹೊಂದುವ ಸಾಕೆಟ್ಟನ್ನೇ ಬಳಸಬೇಕು. ಸ್ಪೀಕರ್ ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ರೇ ಹಾಳಾಗಬಹುದು.

ಹಾಗಾಗಿ ವೈರ್ ಸಿಕ್ಕಿಸುವ ಮೊದಲು ಆಂಪ್ ಮತ್ತು ಬಾಕ್ಸ್, ಎರಡರ ಹಿಂದೆ ಬರೆದಿರುವ ಓಮ್ ಸಂಖ್ಯೆಯನ್ನೂ ಓದೋಣ.