ಮನೆಮಾತು: ಒಂದೇ ಕಡತದಲ್ಲಿ ಎರಡು ನೋವು

ಸಂಘದ ಕಳೆದ ಕೂಟದಲ್ಲಿ ಕುರ್ಚಿಗಳೆಲ್ಲ ಮೊದಲೇ ಭರ್ತಿಯಾದವು. ಹಾಸಿದ ಜಮಖಾನೆ ಮಾತ್ರ ಖಾಲಿ ಉಳಿಯಿತು. ಅದನ್ನು ಕಂಡ ಹಿರಿಯರೊಬ್ಬರು, "ನಮ್ಮ ಸಂಘಕ್ಕೆ ವಯಸ್ಸಾಯಿತೆಂದು ಮೊಣಕಾಲುಗಳೇ ಸಾಕ್ಷಿ ಹೇಳುತ್ತಿವೆ!" ಎಂದು ನಕ್ಕರು. ನಾವೂ ನಕ್ಕೆವು. ಆದರೆ ಮನೆ ಸೇರುವಷ್ಟರಲ್ಲಿ ಆ ನಗೆ ಆರಿತು. ಕೀಲುನೋವಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆದುಹೋಗಿದೆ, ಮಾಡಿದವರು ನಾವೇ. ವಾಚಕರ ಮನೆಗಳಲ್ಲಿ ಅದು ನಡೆಯದಿರಲೆಂದು ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ನಮ್ಮ ತಾಯಿ ಕುಂದಾಪುರದ ಕಡೆಯಿಂದ ಬೊರಿವಲಿಗೆ ಬಂದಾಗ ಅವರಿಗೆ ೬೮. ಮೆಟ್ಟಿಲಿಳಿಯುವಾಗ ಮೊಣಕಾಲು ನೋವು; ಸಂಜೆಯಾದಂತೆ ಹೆಚ್ಚು. ಕುಳಿತು ಏಳುವಾಗ ಕಾಲು ಬಿಗಿಯುವುದು, ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುವುದು. ಮರುವರ್ಷದ ಮಳೆಗಾಲದಲ್ಲಿ ನಮ್ಮ ಮನೆಯಾಕೆಗೂ ನೋವು ಕಾಣಿಸಿತು. ಆಕೆಗೆ ೩೪. ಎರಡೂ ಕೈಗಳ ಬೆರಳ ಬುಡದ ಗಂಟುಗಳು ಬಾತುಕೊಂಡವು. ಬೆಳಗ್ಗೆ ಎದ್ದು ಒಂದು ಗಂಟೆಯ ಕಾಲ ನಲ್ಲಿ ತಿರುಗಿಸಲೂ ಆಗದು, ಹಿಟ್ಟು ನಾದಲೂ ಆಗದು. ಜೊತೆಗೆ ಹೇಳತೀರದ ಆಯಾಸ.

ನಾವು ಸರಕಾರಿ ಕಚೇರಿಯ ಗುಮಾಸ್ತರು. ಎರಡು ಬೇರೆ ಕಾಗದಗಳನ್ನು ಒಂದೇ ಕಡತಕ್ಕೆ ಸೇರಿಸಿದರೆ ಕಚೇರಿಯಲ್ಲಿ ಮೆಮೊ ಬರುತ್ತದೆ. ಮನೆಯಲ್ಲಿ ಕೇಳುವವರಾರು? ಎರಡು ನೋವನ್ನೂ "ವಾಯು" ಎಂಬ ಒಂದೇ ಕಡತಕ್ಕೆ ಸೇರಿಸಿ ಕಟ್ಟಿಬಿಟ್ಟೆವು. ತಾಯಿಗೆ ವಿಶ್ರಾಂತಿ ಬೇಕೆಂದು ಕುರ್ಚಿ ತಂದು ಕಿಟಕಿಯ ಬಳಿ ಹಾಕಿದೆವು. ಕಾಫಿ, ಊಟ, ಔಷಧ ಎಲ್ಲವೂ ಅಲ್ಲಿಗೇ. ಮನೆಯಾಕೆಗೆ, "ತಣ್ಣೀರಲ್ಲಿ ಬಟ್ಟೆ ಒಗೆದದ್ದಕ್ಕೆ ಹೀಗಾಗಿದೆ, ಮಳೆ ನಿಂತರೆ ಹೋಗುತ್ತದೆ" ಎಂದು ಮುಲಾಮು ಕೊಟ್ಟೆವು. ಮಳೆ ನಿಂತಿತು, ನೋವು ನಿಲ್ಲಲಿಲ್ಲ. ಬಂಧುಗಳೊಬ್ಬರು ಹೆಸರಿಲ್ಲದ ಪೊಟ್ಟಣದಲ್ಲಿ ಒಂದು ಪುಡಿ ತಂದುಕೊಟ್ಟರು. ಎರಡೇ ದಿನದಲ್ಲಿ ಬೆರಳು ಮಡಚಿತು! ಎರಡು ತಿಂಗಳಲ್ಲಿ ಮುಖ ಊದಿತು.

ಹದಿನಾಲ್ಕು ತಿಂಗಳು ಕಳೆದ ಮೇಲೆ ಇಬ್ಬರನ್ನೂ ದೊಡ್ಡ ಆಸ್ಪತ್ರೆಯ ಕೀಲುರೋಗದ ವೈದ್ಯರ ಬಳಿ ಕರೆದೊಯ್ದೆವು. ಅವರು ಮರಾಠಿಯಲ್ಲಿ ಹೇಳಿದ್ದರ ತಾತ್ಪರ್ಯವಿಷ್ಟೆ: "ತಾಯಿಯನ್ನು ಕೂರಿಸಬೇಡಿ, ಹೆಂಡತಿಯನ್ನು ಕಾಯಿಸಬೇಡಿ." ನಾವು ಮಾಡಿದ್ದು ಸರಿಯಾಗಿ ಇದರ ತಿರುಗಾಮುರುಗಾ.

ತಾಯಿಯದು ಸವೆತದ ಕೀಲುನೋವು, ಆಸ್ಟಿಯೋ ಆರ್ಥ್ರೈಟಿಸ್. ಕೀಲಿನಲ್ಲಿ ಎಲುಬಿನ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆಯಿರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಸ್ಪಂಜನ್ನು ಹಿಂಡಿ ಬಿಟ್ಟಂತೆ, ನಡೆದಾಡುವಾಗ ಒತ್ತಿ ಬಿಡುವುದರಿಂದಲೇ ಅದು ಕೀಲಿನ ದ್ರವದಿಂದ ಪೋಷಣೆ ಪಡೆಯುತ್ತದೆ. ಕೂತೇ ಇದ್ದರೆ ಆ ಪೋಷಣೆ ಕುಂದುತ್ತದೆ, ಮೊಣಕಾಲನ್ನು ಹಿಡಿದು ನಿಲ್ಲಿಸುವ ತೊಡೆಯ ಮಾಂಸಖಂಡ ಸೊರಗುತ್ತದೆ, ತೂಕವೂ ಏರುತ್ತದೆ. ತೂಕ ಹೆಚ್ಚಿದ್ದವರು ಒಂದು ಕಿಲೊ ಇಳಿಸಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೊ ಇಳಿಯುತ್ತದೆಂದು ಅಳೆದು ನೋಡಿದ್ದಾರೆ.

ಅವರಿಗೆ ಹೇಳಿಕೊಟ್ಟ ವ್ಯಾಯಾಮ ಯಾವ ಮನೆಯಲ್ಲೂ ಸಾಧ್ಯ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ಮುಂದಕ್ಕೆ ನೆಟ್ಟಗೆ ಚಾಚಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸುವುದು. ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಬಳಿಕ ಸಮತಟ್ಟಾದ ಕಡೆ ನಡಿಗೆ. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ. ಬೊರಿವಲಿ ಸ್ಟೇಶನ್ನಿನ ಸೇತುವೆ ಹತ್ತುವವರು ಇದನ್ನು ನೆನಪಿಡಬೇಕು: ಏರುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಬಿಗಿತಕ್ಕೆ ಬಿಸಿ ಶಾಖ, ಊದಿಕೊಂಡು ಬಿಸಿಯಾಗಿದ್ದರೆ ತಣ್ಣನೆಯ ಪಟ್ಟಿ. ನೋವಿನ ಮಾತ್ರೆಗಳನ್ನು ನಾವೇ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಕೇಡು. ಮೊಣಕಾಲಿಗಾದರೆ ಮೊದಲು ಹಚ್ಚುವ ಔಷಧವನ್ನು ನೋಡುವುದು ಮೇಲು.

ಮನೆಯಾಕೆಯದು ಬೇರೆಯೇ ಕಥೆ, ರೂಮಟಾಯ್ಡ್ ಆರ್ಥ್ರೈಟಿಸ್. ಇದು ಸವೆತವಲ್ಲ. ಕಾವಲುಗಾರನೇ ಮನೆಯವರನ್ನು ಕಳ್ಳರೆಂದು ತಿಳಿದು ಬಡಿಯುವಂತೆ, ಶರೀರದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಕೈಬೆರಳು, ಮಣಿಕಟ್ಟುಗಳಲ್ಲಿ ಎರಡೂ ಬದಿಗೆ ಊತ, ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ, ಜೊತೆಗೆ ಆಯಾಸ: ಇವು ಆರು ವಾರ ಉಳಿದರೆ ಮಳೆಯನ್ನು ದೂರಬಾರದು, ವೈದ್ಯರನ್ನು ಕಾಣಬೇಕು. ಮೊದಲ ತಿಂಗಳುಗಳಲ್ಲೇ ಔಷಧ ಆರಂಭವಾದರೆ ಕೀಲನ್ನು ಉಳಿಸಿಕೊಳ್ಳಬಹುದು. ತಡವಾಗಿ ಕೆಟ್ಟ ಎಲುಬನ್ನು ಯಾವ ಮಾತ್ರೆಯೂ ತಿರುಗಿ ಕಟ್ಟಲಾರದು.

ಆಕೆಗೆ ಕೊಟ್ಟ ಮುಖ್ಯ ಮಾತ್ರೆ ಮೆಥೋಟ್ರೆಕ್ಸೇಟ್. ಇದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ರವಿವಾರಕ್ಕೂ ಕೆಂಪು ಗುರುತು. ಇದರ ಗುಣ ತಿಳಿಯಲು ಆರರಿಂದ ಹನ್ನೆರಡು ವಾರ ಬೇಕು. ನಡುನಡುವೆ ರಕ್ತಪರೀಕ್ಷೆ ತಪ್ಪದು. ಗರ್ಭಿಣಿಯರಿಗೆ ಇದು ಸಲ್ಲದು. ಮಗು ಬೇಕೆನ್ನುವವರು ಮೊದಲೇ ವೈದ್ಯರಿಗೆ ಹೇಳತಕ್ಕದ್ದು.

ಇನ್ನು ಆ ಪುಡಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬೇಕೆಂದು ವೈದ್ಯರು ಅನುಮಾನಿಸಿದರು. ೧೯೪೮ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಈ ವರ್ಗದ ಕಾರ್ಟಿಸೋನನ್ನು ಇದೇ ರೋಗದ ಮಹಿಳೆಯೊಬ್ಬಳಿಗೆ ಕೊಟ್ಟಾಗ, ಹಾಸಿಗೆ ಹಿಡಿದಿದ್ದವಳು ಕೆಲವೇ ದಿನಗಳಲ್ಲಿ ಎದ್ದು ನಡೆದಳು. ೧೯೫೦ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕವೂ ಬಂತು. ಅದರ ಕೇಡು ಆಮೇಲೆ ತಿಳಿಯಿತು: ಎಲುಬು ಟೊಳ್ಳು, ಸಕ್ಕರೆ ಏರಿಕೆ, ರಕ್ತದೊತ್ತಡ. ವೈದ್ಯರ ಕೈಯಲ್ಲಿ ಅದು ಔಷಧ, ಹೆಸರಿಲ್ಲದ ಪೊಟ್ಟಣದಲ್ಲಿ ವಿಷ. ಬಹುದಿನ ತೆಗೆದುಕೊಂಡದ್ದನ್ನು ಥಟ್ಟನೆ ಬಿಡುವುದೂ ಅಪಾಯ. ವೈದ್ಯರಿಗೆ ಹೇಳಿ ಮೆಲ್ಲಗೆ ಇಳಿಸಬೇಕು.

ಹಳಬರಿಗೆ ಈ ಭೇದ ಗೊತ್ತಿರಲಿಲ್ಲವೆಂದಲ್ಲ. ಆಯುರ್ವೇದದವರು ಸಂಧಿಗತ ವಾತವನ್ನೂ ಆಮವಾತವನ್ನೂ ಬೇರೆ ಬೇರೆಯಾಗಿಯೇ ಹೇಳಿದ್ದಾರೆ. ನಮ್ಮ ನಾಡಿನಲ್ಲೇ ಇನ್ನೊಂದು ಸಾಕ್ಷಿಯುಂಟು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ೧೯೭೦ರ ದಶಕದಲ್ಲಿ ಎಳೆಯರು ಕೂಡ ಸೊಂಟ, ಮೊಣಕಾಲು ನೋವಿನಿಂದ ನಡೆಯಲಾರದೆ ಕುಸಿದದ್ದು ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕವೂ ಅಲ್ಲಿನ ಏಡಿಯೂ ಕಾರಣವೆಂದು ಮೊದಲು ಸಂಶಯಪಟ್ಟರು. ಮುಂದಿನ ಸಂಶೋಧನೆ ಅದು ವಂಶಪಾರಂಪರ್ಯವಾಗಿ ಇಳಿಯುವ ಕೀಲುರೋಗವೆಂದು ತೋರಿಸಿತು. ನೋವು ಒಂದೇ ಬಗೆಯದಾಗಿ ಕಂಡರೂ ಬೇರು ಬೇರೆ. ನಮ್ಮ ಮುಂಬಯಿಯ ಮಳೆಗಾಲದ ಚಿಕುನ್‌ಗುನ್ಯಾ ಜ್ವರದ ಬಳಿಕ ತಿಂಗಳುಗಟ್ಟಲೆ ಉಳಿಯುವ ಕೀಲುನೋವೂ ಬೇರೆ. ನಡುರಾತ್ರಿ ಹೆಬ್ಬೆರಳು ಕೆಂಪಗೆ ಊದುವ ಗೌಟೂ ಬೇರೆ. ಒಂದೇ ಕೀಲು ಥಟ್ಟನೆ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಈಗ ನಮ್ಮ ತಾಯಿ ಬೆಳಗ್ಗೆ ನ್ಯಾಶನಲ್ ಪಾರ್ಕಿನ ಒಳಗೆ ಅರ್ಧ ಗಂಟೆ ನಡೆಯುತ್ತಾರೆ. ನೋವು ಪೂರ್ತಿ ಹೋಗಿಲ್ಲ. "ಊರಲ್ಲಿ ತೋಟ ಸುತ್ತುತ್ತಿದ್ದೆ ಮಗಾ, ಇಲ್ಲಿ ನೀನೇ ನನ್ನನ್ನು ಕೂರಿಸಿದ್ದು" ಎಂದು ಒಮ್ಮೆ ಹೇಳಿದರು. ಪ್ರೀತಿಯಿಂದ ಊರಿನಿಂದ ಕರೆತಂದ ಹಿರಿಯರನ್ನು ಪ್ರೀತಿಯಿಂದಲೇ ಕುರ್ಚಿಗೆ ಕಟ್ಟಿಹಾಕಿದ ಮಕ್ಕಳು ಈ ನಗರದಲ್ಲಿ ನಾವೊಬ್ಬರೇ ಅಲ್ಲವೆಂದು ತೋರುತ್ತದೆ.

ಮನೆಯಾಕೆ ಮತ್ತೆ ಹಿಟ್ಟು ನಾದುತ್ತಾಳೆ. ನಾದುವ ಸರದಿ ಈಗ ನಮಗೂ ಬರುತ್ತದೆ. ಆಕೆಯ ಬಲಗೈಯ ಒಂದು ಬೆರಳು ಮಾತ್ರ ನೆಟ್ಟಗಾಗಲಿಲ್ಲ. ಅದು ನಾವು ಕಳೆದ ಹದಿನಾಲ್ಕು ತಿಂಗಳ ಲೆಕ್ಕ. ಆಕೆ ಅದನ್ನು ಎಂದೂ ಎತ್ತಿ ಆಡಿಲ್ಲ. ಆದ್ದರಿಂದಲೇ ನಾವು ಇಲ್ಲಿ ಬರೆಯಬೇಕಾಯಿತು. ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರಾದರೂ "ಬೆಳಗ್ಗೆ ಕೈ ಮಡಚದು" ಎಂದರೆ, ಎಷ್ಟು ಹೊತ್ತು ಎಂದು ಒಮ್ಮೆ ಕೇಳಿರಿ.